ಹಾವು ಕಚ್ಚಿದ ಅಪ್ಪ

"ಬಾಯಾರ ಬಂದ್ರು, ಬಾಯಾರ ಬಂದ್ರು!" ಚಿಕ್ಕೋಡಿಯ ಹೈಸ್ಕೂಲಿಗೆ ಕಾಲಿಟ್ಟ ದಿನ ಹುಡುಗಿಯರು ಹೀಗೆ ಕೂಗಿದಾಗ ನನಗೆ ದಿಗಿಲಾಯಿತು. ಯಾರ ಬಾಯಿ, ನನ್ನದೇ? ಇಲ್ಲಿ ಮೇಡಮ್ಮಿಗೆ ಬಾಯಾರು ಅನ್ನುತ್ತಾರೆಂದು ಜವಾನ ಹೇಳಿದ ಮೇಲೆ ಉಸಿರು ಬಿಟ್ಟೆ. ಎಂಬತ್ತರ ದಶಕದ ಕೊನೆ ಅದು. ತುಮಕೂರಿನಿಂದ ಇಂಗ್ಲಿಷ್ ಕಲಿಸಲು ಬಂದವಳು ಮೊದಲು ಕನ್ನಡವನ್ನೇ ಹೊಸದಾಗಿ ಕಲಿಯಬೇಕಾಯಿತು. ಬಾಡಿಗೆ ಮನೆಯ ಜೈನ ಅಜ್ಜಿಯ ಮಾತು ಅರ್ಧ ಮರಾಠಿ. ನಮ್ಮ ಕಡೆ ಮುದ್ದೆ ನುಂಗಿದರಾಯಿತು. ಇಲ್ಲಿ ಖಡಕ್ ರೊಟ್ಟಿ ಅಗಿದು ಅಗಿದು ದವಡೆ ನೋಯುತ್ತಿತ್ತು.

ಒಂಬತ್ತನೆಯ ತರಗತಿಗೆ ರಜೆ ಅರ್ಜಿಯ ಪಾಠ ಮಾಡಿ, ಇನ್ನು ರಜೆ ಬೇಕಾದವರು ಇಂಗ್ಲಿಷಿನಲ್ಲೇ ಕೇಳಬೇಕೆಂದು ಕಟ್ಟಪ್ಪಣೆ ಮಾಡಿದ್ದೆ. ಮರುದಿನ ಬಂದ ಮಾದರಿ ಅರ್ಜಿಗಳಲ್ಲಿ ಏಕಸಂಬಿಯ ಸುಮಿತ್ರಾಳದೂ ಇತ್ತು: 'ಮೈ ಫಾದರ್ ಸ್ನೇಕ್ ಬಿಟ್. ಲೀವ್ ಗಿವ್.' ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಬರಬೇಕಲ್ಲ, ಕೆಂಪು ಶಾಯಿಯಲ್ಲಿ ಬಾಣ ಎಳೆದು 'ಮೈ ಫಾದರ್ ಬಿಟ್ ಎ ಸ್ನೇಕ್' ಎಂದು ತಿದ್ದಿದೆ. ಅಷ್ಟಕ್ಕೆ ಸುಮ್ಮನಾದೆನೇ? "ಇವರಪ್ಪ ಹಾವನ್ನೇ ಕಚ್ಚಿದ್ದಾರಂತೆ!" ಎಂದು ಎಲ್ಲರಿಗೂ ಓದಿ ಹೇಳಿದೆ. ತರಗತಿ ಬಿದ್ದು ಬಿದ್ದು ನಕ್ಕಿತು.

ಸುಮಿತ್ರಾ ಎದ್ದು ನಿಂತಳು. "ಖರೇನ ಕಡದೈತ್ರಿ ಬಾಯಾರ. ಮುಂಜಾನೆ ಅಪ್ಪಗ ಮಿರಜಿನ ದವಾಖಾನಿಗಿ ಒಯ್ದಾರ. ಕಾಕಾ ಸ್ಟ್ಯಾಂಡಿನ್ಯಾಗ ನಿಂತಾನ, ಹನ್ನೊಂದರ ಬಸ್ಸಿಗಿ ನಾ ಹೋಗ್ಬೇಕ್ರಿ. 'ಅಪ್ಪಗ' ಅಂತೀವಲ್ರಿ, ಆ 'ಗ' ಇಂಗ್ಲಿಷ್‌ನ್ಯಾಗ ಎಲ್ಲಿ ಇಡೂದ್ರಿ?"

ಕಚ್ಚಿದ್ದು ಯಾರಿಗೆಂದು ನಮ್ಮಲ್ಲಿ ಆ ಒಂದಕ್ಷರ ಹೇಳುತ್ತದೆ. ಇಂಗ್ಲಿಷಿನಲ್ಲಿ ಪದ ನಿಂತ ಜಾಗ ಹೇಳುತ್ತದೆ. ಅದನ್ನು ಕಲಿಸದೆ ಮಗುವಿನ ಸಂಕಟವನ್ನು ನಗೆಪಾಟಲು ಮಾಡಿದ್ದೆ. ಅವಳ ಕೈ ಹಿಡಿದು ಸ್ಟ್ಯಾಂಡಿಗೆ ಓಡಿದೆ. ಹೊರಟಿದ್ದ ಬಸ್ಸನ್ನು ಕೈಯೊಡ್ಡಿ ನಿಲ್ಲಿಸಿ ಹತ್ತಿಸಿದೆ. ಆಮೇಲೆ ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ.

ಎರಡು ವಾರದ ಮೇಲೆ, ಕಾಲಿಗೆ ಪಟ್ಟಿ ಕಟ್ಟಿಕೊಂಡ ಬಿಳಿ ಟೊಪ್ಪಿಗೆಯವರೊಬ್ಬರು ಸುಮಿತ್ರಾಳ ಹೆಗಲು ಹಿಡಿದು ಕುಂಟುತ್ತ ಬಂದರು. "ಹಾವಿಗಿ ಕಡದಾಂವ ನಾನ ನೋಡ್ರಿ ಬಾಯಾರ!" ಅವರು ನಕ್ಕರು, ನಾನು ಅತ್ತೆ.

ಈಗಲೂ ಇಲ್ಲೇ ಇದ್ದೇನೆ. ಏನಾಗಿದೆಯೆಂದು ಮಕ್ಕಳನ್ನು ಕೇಳಿಕೊಂಡೇ ಅವರ ವಾಕ್ಯಕ್ಕೆ ಕೈ ಹಾಕುತ್ತೇನೆ. ಕಳೆದ ಬೇಸಿಗೆಯಲ್ಲಿ ತುಮಕೂರಿನ ಮನೆಯಲ್ಲಿ, "ಅಪ್ಪಗ ಊಟಕ್ಕ ಕರೀಲೇನು?" ಅಂದುಬಿಟ್ಟೆ. "ಅಪ್ಪನ್ನ ಅನ್ನೇ! ಅದೇನೇ ಅಪ್ಪಗ?" ಎಂದು ಅಮ್ಮ ತಿದ್ದಿದಳು. ಚಿಕ್ಕೋಡಿಯಲ್ಲಿ 'ಅಪ್ಪನ್ನ' ಅಂದರೆ, ಈಗಲೂ ಮನೆಗೆ ಬಂದು ಹೋಗುವ ಸುಮಿತ್ರಾ ತಿದ್ದುತ್ತಾಳೆ. ನನಗೀಗ ಎರಡೂ ಊರಲ್ಲಿ ಬಾಯಾರಿದ್ದಾರೆ.