ಕೈ ಹಚ್ಚುವ ಮಂದಿ

ನಮ್ಮ ಮಾವನವರ ಹಳೆಯ ಬಿಳಿ ಕಾರಿನ ಸೆಲ್ಫ್ ಹೋಗಿತ್ತು. ಕೀಲಿ ತಿರುವಿದಾಗ ಎಂಜಿನ್ನನ್ನು ಎಬ್ಬಿಸುವ ಚಿಕ್ಕ ಮೋಟಾರಿಗೆ ನಮ್ಮ ಕಡೆ ಸೆಲ್ಫ್ ಅಂತಾರೆ. ಮಳೆಗಾಲದಲ್ಲಿ ಅದು ತಡವರಿಸತೊಡಗಿತು. ದೀಪಾವಳಿ ಹೊತ್ತಿಗೆ ಬರೀ ‘ಟಕ್’ ಎಂದು ಸುಮ್ಮನಾಗುತ್ತಿತ್ತು. ಆ ಸದ್ದು ನನಗೆ ಮೊದಲ ದಿನದಿಂದಲೂ ಸೇರಿರಲಿಲ್ಲ. ಬಸವನ ಬಾಗೇವಾಡಿ ಕಡೆಯ ನನ್ನ ತವರಿನಲ್ಲಿ ನಾನು ಕಾರು ಓಡಿಸಲು ಕಲಿತವಳು. ಕಾರಿನ ಯಾವ ಸದ್ದನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬುದು ಅಷ್ಟಿಷ್ಟು ಗೊತ್ತಿತ್ತು.

ಮಾವನವರಿಗೆ ಅದರ ಚಿಂತೆಯೇ ಇರಲಿಲ್ಲ. ಇಂಡಿಯಿಂದ ಹೊರ್ತಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ ನಮ್ಮೂರು. ಮನೆಯೆದುರಿಗೇ ಕಟ್ಟೆ, ಕಟ್ಟೆಯ ಮೇಲೆ ಮಂದಿಗೆ ಬರವಿಲ್ಲ. ಕಾರು ಟಕ್ ಅಂದದ್ದೇ ತಡ, ಎಲೆ ಅಡಿಕೆ ಉಗುಳಿ ನಾಲ್ಕಾರು ಜನ ಎದ್ದು ಬರುತ್ತಿದ್ದರು. ಮಾವನವರು ಕಿಟಕಿಯಿಂದ ಕೈ ಹೊರಗೆ ಚಾಚಿ, “ಹೂಂ, ಕೈ ಹಚ್ಚರೆಪಾ” ಅನ್ನುವರು. ಕಾರು ಉರುಳಿ, ಕೆಮ್ಮಿ, ಚಾಲೂ ಆಗುವುದು; ಹಿಂದಿನಿಂದ ಒಂದು ಕೇಕೆ ಏಳುವುದು. ಆಗ ಅವರ ಮುಖ ನೋಡಬೇಕಿತ್ತು, ಮೆರವಣಿಗೆ ಹೊರಟ ಮದುಮಗನ ಕಳೆ! “ಸೆಲ್ಫ್ ಹಾಕಸ್ರಿ ಮಾವಾರ” ಎಂದು ನಾನು ಹೇಳಿದಾಗೆಲ್ಲ ಒಂದೇ ಉತ್ತರ: “ಊರ ತುಂಬ ಮಂದಿ ಅದಾರ. ನಮ್ಮ ಗಾಡಿಗಿ ಸೆಲ್ಫ್ ಯಾಕಬೇಕು?”

ಮಂದಿ ಇಲ್ಲದ ಹೊತ್ತಿಗೂ ಅವರಲ್ಲಿ ಉಪಾಯವಿತ್ತು. ನಮ್ಮ ಅಂಗಳ ಬೀದಿಗಿಂತ ಎತ್ತರ, ಗೇಟಿನಲ್ಲಿ ಇಳಿಜಾರು. ಕಾರನ್ನು ಅಲ್ಲೇ, ಮೂತಿ ಬೀದಿಗೆ ಮಾಡಿ, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸುತ್ತಿದ್ದರು. ಕಲ್ಲು ತೆಗೆದರೆ ತಾನೇ ಇಳಿಯುತ್ತಿತ್ತು.

ಆ ಚಳಿಗಾಲದಲ್ಲಿ ಮುದ್ದೇಬಿಹಾಳದ ಗಂಡನ ಮನೆಯಿಂದ ನನ್ನ ನಾದಿನಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ನಾದಿನಿ ಎನ್ನುವುದಕ್ಕಿಂತ ಗೆಳತಿ. ದಿನ ತುಂಬಲು ಇನ್ನೂ ಸಾಕಷ್ಟು ಬಾಕಿಯಿತ್ತು. ಅಷ್ಟರಲ್ಲಿ ಎಳ್ಳಮಾಸೆ ಬಂತು.

ಎಳ್ಳಮಾಸೆ ದಿನ ನಮ್ಮ ಕಡೆ ಊರು ಊರಿನಲ್ಲಿರುವುದಿಲ್ಲ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ತೆನೆ ಹಿಡಿದ ಜೋಳದ ನಡುವೆ ಅದನ್ನೇ ಭೂಮಿತಾಯಿಗೆ ಚರಗವೆಂದು ಚೆಲ್ಲಿ, ಅಲ್ಲೇ ಉಂಡು, ಸಂಜೆಗೆ ಮರಳುತ್ತಾರೆ. ಬಸುರಿಯನ್ನು ಅಮಾಸೆ ದಿನ ಹೊಲಕ್ಕೆ ಕಳಿಸಬಾರದೆಂದು ಅತ್ತೆ ಹೇಳಿದರು. ಅವಳ ಜೊತೆಗೆ ನಾನು ಉಳಿದೆ.

ಅಮಾಸೆಗೆ ಗಾಡಿಗಳ ಪೂಜೆಯೂ ಇರುತ್ತದೆ. ಮಾವನವರು ಬೆಳಿಗ್ಗೆಯೇ ಮಂದಿಯ ಕೈಯಿಂದ ಕಾರನ್ನು ಇಳಿಜಾರಿನಿಂದ ಮೇಲಕ್ಕೆ ತಳ್ಳಿಸಿ, ಅಂಗಳದ ನಡುವೆ ಮೂತಿಯನ್ನು ಮನೆಯ ಬಾಗಿಲಿಗೆ ಮಾಡಿ ನಿಲ್ಲಿಸಿದರು. ತೊಳೆದು, ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದರು. ಹೊರಗೆ ಹೋಗುವಾಗ ತುಳಿಯಲೆಂದು ಗಾಲಿಗಳ ಹಿಂದೆ ನಿಂಬೆಹಣ್ಣು ಇಟ್ಟರು. ನನಗೆ ಸುಮ್ಮನಿರಲಾಗಲಿಲ್ಲ.

“ಮಾವಾರ, ಪೂಜಿ ಆತಲ್ಲ. ಗಾಡಿ ತಿರುಗಿಸಿ ಇಳಕಲಿಗೆ ನಿಂದರಸಿ ಹೋಗ್ರಿ.”

“ಅಮಾಸಿ ದಿನ ದೇವರಿಗಿ ಬೆನ್ನ ಮಾಡಿ ನಿಂದರಸಾಕ ಬರ್ತೈತೇನು? ಸಂಜಿಕ ಮಂದಿ ಬರ್ತಾರ, ತಿರುಗಿಸಿದರಾತು.”

ಅವರೆಲ್ಲ ಟ್ರ್ಯಾಕ್ಟರ್ ಹತ್ತಿದರು. ಅದರ ಸದ್ದು ದೂರವಾದ ಮೇಲೆ ಊರಿನಲ್ಲಿ ಏನೂ ಕೇಳಿಸಲಿಲ್ಲ. ಕಟ್ಟೆ ಖಾಲಿ, ಓಣಿಯ ಬಾಗಿಲುಗಳಿಗೆಲ್ಲ ಬೀಗ. ನಾಯಿಗಳೂ ರೊಟ್ಟಿಯ ವಾಸನೆ ಹಿಡಿದು ಹೊಲಕ್ಕೆ ಹೋಗಿದ್ದವು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ನನಗೆ ಅಕಾರಣ ಹೆದರಿಕೆಯಾಗುತ್ತಿತ್ತು. ಒಳಗಿನಿಂದ ನಾದಿನಿ “ವೈನೀ” ಎಂದು ಕರೆದಳು. ಓಡಿದೆ.

ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದಳು. ಸೀರೆ ತೊಯ್ದಿತ್ತು. ಕಾಲಡಿಯ ನೀರಿನಲ್ಲಿ ರಕ್ತವೂ ಇತ್ತು.

ಆಂಬ್ಯುಲೆನ್ಸಿಗೆ ಫೋನ್ ಮಾಡಿದೆ. ಗಾಡಿ ಸಿಂದಗಿ ಕಡೆ ಹೋಗಿದೆ, ಬರಲು ಹೊತ್ತಾಗುತ್ತದೆ ಅಂದರು. ಗಂಡನಿಗೆ ಮಾಡಿದರೆ ಅವರ ಫೋನು ಪಡಸಾಲೆಯಲ್ಲೇ ಚಾರ್ಜಿಗೆ ಹಾಕಿದ್ದು ಅಲ್ಲೇ ಬಡಿದುಕೊಂಡಿತು. ಮಾವನವರ ಫೋನು ಹತ್ತಲಿಲ್ಲ. ಬೀದಿಗೆ ಓಡಿ ಕೂಗಿದೆ. ನಾಲ್ಕು ದಿಕ್ಕಿಗೂ ಕೂಗಿದೆ. ಊರ ತುಂಬ ಇದ್ದ ಮಂದಿಯಲ್ಲಿ ಒಬ್ಬರೂ ಓಗೊಡಲಿಲ್ಲ.

ಅವಳನ್ನು ಅಂಗಳಕ್ಕೆ ತಂದು ಕಾರಿನಲ್ಲಿ ಕೂತು ಕೀಲಿ ತಿರುವಿದೆ. ಟಕ್. ಮತ್ತೆ ತಿರುವಿದೆ. ಟಕ್. ಗೊತ್ತಿದ್ದೂ ಎಷ್ಟು ಸಲ ತಿರುವಿದೆನೋ! ಸಿಟ್ಟಿಗೆ ಇಳಿದು ಬಂದು ಗಾಲಿಯ ಹಿಂದಿನ ನಿಂಬೆಹಣ್ಣುಗಳನ್ನು ಕಾಲಿನಿಂದ ಒದ್ದೆ. ಅದು ಅಪಶಕುನವೆಂದು ಆಗ ಹೊಳೆಯಲಿಲ್ಲ. ಆಮೇಲೆ ಆಸ್ಪತ್ರೆಯಲ್ಲಿ ಕೂತಾಗ ಅದೊಂದೇ ತಲೆಯಲ್ಲಿ ಸುತ್ತಿತು.

ಇಳಿಜಾರಿನವರೆಗೆ ಹಿಂದಕ್ಕೆ ತಳ್ಳಿದರೆ ಸಾಕು, ಉಳಿದದ್ದು ಕಾರೇ ಮಾಡುತ್ತದೆ. ಆದರೆ ಉರುಳುವ ಕಾರಿನೊಳಗೆ ಕೂತು ಸರಿಯಾದ ಹೊತ್ತಿಗೆ ಕ್ಲಚ್ ಬಿಡುವವರೊಬ್ಬರು ಬೇಕು. ಇಲ್ಲವಾದರೆ ಅದು ನೇರ ಎದುರಿನ ಕಟ್ಟೆಗೆ ಹೋಗಿ ಬಡಿಯುತ್ತದೆ. ಅವಳಿಗೆ ಕಾರು ಬರುತ್ತಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

“ನೀ ಒಳಗ ಕೂಡು ವೈನಿ. ನಾ ದಬ್ಬತೇನಿ.”

“ಹುಚ್ಚಿ ಅದಿಯೇನ?”

“ಕೂಡು ಅಂದ್ನೆಲ್ಲ!” ಎಂದು ಚೀರಿದಳು.

ಕೂತೆ. ರಿವರ್ಸ್ ಗೇರ್ ಹಾಕಿ, ಕ್ಲಚ್ ತುಳಿದು, ಇನ್ನೊಂದು ಕಾಲನ್ನು ಬಾಗಿಲಿನಿಂದ ಹೊರಗೆ ಚಾಚಿ ನೆಲವನ್ನು ಒದೆಯತೊಡಗಿದೆ. ಅವಳು ಬಾನೆಟ್ಟಿನ ಮೇಲೆ ಎರಡೂ ಕೈ ಊರಿದಳು. ನಮ್ಮಿಬ್ಬರ ನಡುವೆ ಗಾಜು, ಗಾಜಿನ ಮೇಲೆ ವಿಭೂತಿ, ಚೆಂಡುಹೂವಿನ ಮಾಲೆ. ಕಾರು ಅಲುಗಿತು, ಒಂದು ಮಾರು ಸರಿಯಿತು. ನೋವು ಬಂದಾಗ ಅವಳು ಹಣೆಯನ್ನು ಬಾನೆಟ್ಟಿಗೆ ಇಟ್ಟುಬಿಟ್ಟಳು. ಕಾರು ನಿಂತಿತು. ನಾನು ಇಳಿಯಲು ಹೋದರೆ ತಲೆಯೆತ್ತದೆ ಬೇಡವೆಂದು ಕೈ ಮಾಡಿದಳು. ಮತ್ತೆ ಊರಿದಳು, ಮತ್ತೆ ತಳ್ಳಿದಳು. ಅವಳ ಮುಖವನ್ನು ಅಷ್ಟು ಹತ್ತಿರದಿಂದ ನೋಡುತ್ತಾ ಸುಮ್ಮನೆ ಸ್ಟೀರಿಂಗ್ ಹಿಡಿದು ಕೂರುವ ಕೆಲಸ ಶತ್ರುವಿಗೂ ಬೇಡ.

ಹಿಂದಿನ ಗಾಲಿ ಇಳಿಜಾರಿಗೆ ಬಿತ್ತು. ಕಾರು ಅವಳ ಕೈಯಿಂದ ತಪ್ಪಿಸಿಕೊಂಡು ಇಳಿಯಿತು. ಕ್ಲಚ್ ಬಿಟ್ಟೆ. ಒಂದು ಜಗ್ಗು ಜಗ್ಗಿ ಚಾಲೂ ಆಯಿತು. ಅಂಗಳದಲ್ಲಿ ಅವಳು ಮೊಣಕಾಲೂರಿ ಕೂತಿದ್ದಳು, ಕೈಗೆ ಚೆಂಡುಹೂವಿನ ಎಸಳು ಅಂಟಿದ್ದವು.

ಇಂಡಿಯ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎದುರಾದವು. ನಿಧಾನ ಮಾಡಿದಾಗೆಲ್ಲ ಎಂಜಿನ್ ಸೋಲುತ್ತಿತ್ತು, ಇಲ್ಲಿ ನಿಂತರೆ ಮುಗಿಯಿತು ಎಂದುಕೊಳ್ಳುತ್ತಿದ್ದೆ. ಹಿಂದಿನ ಸೀಟಿನಲ್ಲಿ ಅವಳು ನರಳುತ್ತಿದ್ದಾಗ ಹೆದರಿಕೆ, ಸುಮ್ಮನಾದರೆ ಅದಕ್ಕಿಂತ ಹೆದರಿಕೆ. ಆಸ್ಪತ್ರೆಯ ಬಾಗಿಲಲ್ಲೂ ಕಾರು ಬಂದ್ ಮಾಡುವ ಧೈರ್ಯವಾಗದೆ ಹಾಗೇ ಬಿಟ್ಟು ಓಡಿದೆ.

ಹೆಣ್ಣು ಕೂಸು. ಹುಟ್ಟಿದಾಗ ಅಳಲಿಲ್ಲ. ಅಂಗೈಯಗಲದ ಆ ಜೀವವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಗಿಗೆ ನಳಿಗೆ ಹಾಕಿದರು. ಡಾಕ್ಟರು, “ಈಗೇ ಏನೂ ಹೇಳಾಕ ಬರೂದಿಲ್ರಿ” ಅಂದರು. ಸಂಜೆ ಮಾವನವರು ಹೊಲದ ಮಣ್ಣುಗಾಲಿನಲ್ಲೇ ಬಂದರು. ನಡೆದದ್ದನ್ನು ನಾನೇ ಹೇಳಿದೆ, ಒಂದು ಮಾತೂ ಮೆದು ಮಾಡದೆ ಹೇಳಿದೆ. ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಪ್ಪ ಬಂದು ನಿಂತದ್ದು ಗೊತ್ತಿದ್ದೂ ತಿರುಗಲಿಲ್ಲ.

ಮರುದಿನ ಕೂಸು ಹಾಗೇ ಇತ್ತು. ಮಾವನವರು ನನ್ನನ್ನು ಕರೆದು, “ಗ್ಯಾರೇಜಿಗಿ ಹೋಗಿ ಬರೂಣು ಬಾ” ಎಂದರು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಅಂದರೆ ಇದೇ ಅಂದುಕೊಂಡೆ.

ಮಿಸ್ತ್ರಿ ಬ್ಯಾಟರಿಯ ತಂತಿ ಬಿಚ್ಚಿ, ಗೋಣಿತಟ್ಟು ಹಾಸಿ ಕಾರಿನಡಿ ಮಲಗಿದ. ಮಾವನವರು ಕುರ್ಚಿ ಬೇಡವೆಂದು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕೆಳಗೆ ಬಗ್ಗಿ ನೋಡುತ್ತಿದ್ದರು. ಅವನು ಬೋಲ್ಟ್ ಬಿಚ್ಚಿ, ಹಳೆಯ ಮೋಟಾರನ್ನು ಎಳೆದು ಚೀಲದ ಮೇಲೆ ಇಟ್ಟ. ಬದನೆಕಾಯಿಯಷ್ಟು ಗಾತ್ರ, ಮೈಯೆಲ್ಲ ಕರಿ ಎಣ್ಣೆ. ಹೊಸದನ್ನು ಕೂರಿಸಿ, ತಂತಿ ಬಿಗಿದು ಹೊರಬಂದ. ತರಿಸಿದ ಚಹಾ ಇನ್ನೂ ಬೆಚ್ಚಗಿತ್ತು.

“ಕೀಲಿ ತಿರುವ್ರಿ ಅಕ್ಕಾರ.”

ತಿರುವಿದೆ. ಒಂದೇ ಸಲಕ್ಕೆ ಚಾಲೂ ಆಯಿತು.

ಮಾವನವರು ಏಳಲಿಲ್ಲ. “ಇಷ್ಟೇ ಇತ್ತೇನು?” ಎಂದರು. ಮಿಸ್ತ್ರಿ, “ಹೌದ್ರಿ ಸಾವಕಾರ್ರ, ಇಷ್ಟೇರಿ” ಎಂದು ಕೈ ಒರೆಸಿಕೊಂಡ. ಅವರು ಆ ಹಳೆಯ ಮೋಟಾರಿನ ಮೇಲೆ ಕೈಯಿಟ್ಟು ಅತ್ತರು. ನನ್ನ ಸಿಟ್ಟು ಇಳಿಯಲಿಲ್ಲ. ಆದರೂ ಕಣ್ಣಿಗೆ ನೀರು ಬಂತು.

ಕೂಸು ಉಳಿಯಿತು. ಸಂಕ್ರಾಂತಿ ಕಳೆದ ಮೇಲೆ ಮನೆಗೆ ಕರೆದೊಯ್ಯಲು ಹೇಳಿದರು. ಆಸ್ಪತ್ರೆಯ ಮುಂದೆ ಮಾವನವರು ಕಾರಿನ ಹಿಂದಿನ ಬಾಗಿಲು ತೆರೆದು ನಿಂತರು. ಅವಳು ಕೂಸನ್ನು ಎದೆಗವಚಿಕೊಂಡು ಮೆಟ್ಟಿಲ ಮೇಲೆಯೇ ನಿಂತಳು.

“ಮೊದಲ ಚಾಲೂ ಮಾಡಿ ತೋರಸಪಾ.”

ಅವರು ಹೋಗಿ ಕೂತು ಚಾಲೂ ಮಾಡಿದರು.

“ಬಂದ್ ಮಾಡು. ಮತ್ತ ಮಾಡು.”

ಬಂದ್ ಮಾಡಿದರು, ಮತ್ತೆ ಮಾಡಿದರು. ಅವಳು ಇನ್ನೊಮ್ಮೆ ಅಂದಳು. ತಲೆ ತಗ್ಗಿಸಿ ಇನ್ನೊಮ್ಮೆ ಮಾಡಿದರು. ಚಹಾದಂಗಡಿಯ ಮುಂದೆ ಕೂತಿದ್ದವರಿಗೆ ಕಾರು ಕೆಟ್ಟಂತೆ ಕಂಡಿರಬೇಕು. ಮೂವರು ಎದ್ದು, ಅಂಗಿಯ ತೋಳು ಮಡಚುತ್ತಾ ಬಂದರು.

“ಯಜಮಾನ್ರ, ಕೈ ಹಚ್ಚೂಣೇನ್ರಿ?”

“ಬ್ಯಾಡ್ರೆಪಾ,” ಎಂದರು ಮಾವನವರು, ಅವರ ಕಡೆ ನೋಡದೆ. “ನನ್ನ ಮಗಳ ಹಚ್ಯಾಳ.”

ಅವಳು ಮೆಟ್ಟಿಲಿಳಿದು ಬಂದು, ಕೂಸನ್ನು ಅಪ್ಪನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತಳು.