ಬಾಣಂತಿ ಮೀನುಗಳ ಮಳೆಗಾಲ

ಆಗಿನ ಇಚಲಕರಂಜಿಯಲ್ಲಿ ಮನುಷ್ಯರ ಮಾತಿಗಿಂತ ಮಗ್ಗದ ಸದ್ದೇ ಹೆಚ್ಚು. ನಮ್ಮ ಓಣಿಯ ಕೂಸುಗಳು ಆ ಖಟಾಖಟ ಸದ್ದಿನಲ್ಲಿ ತಣ್ಣಗೆ ಮಲಗಿರುತ್ತಿದ್ದವು, ಕರೆಂಟು ಹೋಗಿ ಸದ್ದು ನಿಂತರೆ ಎದ್ದು ಅಳುತ್ತಿದ್ದವು. ಮಳೆಗಾಲದಲ್ಲಿ ಇಡೀ ಓಣಿಗೆ ಹಸಿ ಹತ್ತಿಯ ವಾಸನೆ, ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಜಗಳಕ್ಕೆ ಎರಡೂ. ಅಂಥ ಒಂದು ಮಳೆಗಾಲದ ಮೊದಲಿಗೆ ಅಪ್ಪ ನನ್ನ ಕಾಟ ತಾಳಲಾರದೆ ಕೊಲ್ಹಾಪುರದಿಂದ ಒಂದು ಗಾಜಿನ ಪೆಟ್ಟಿಗೆ, ಒಂದಿಷ್ಟು ಗಪ್ಪಿ ಮೀನು ತಂದ.

ನಮ್ಮದು ಜೈನರ ಮನೆ. ಅದರಲ್ಲೂ ಅಪ್ಪನ ತಾಯಿ, ನಮ್ಮ ಆಯಿ, ಭಾಳ ಕಟ್ಟುನಿಟ್ಟಿನಾಕೆ. ಚಾತುರ್ಮಾಸ ಬಂದರೆ ಸೊಪ್ಪಿಲ್ಲ, ಗಡ್ಡೆಯಿಲ್ಲ, ಹೊತ್ತು ಮುಳುಗಿದ ಮೇಲೆ ತುತ್ತಿಲ್ಲ. ಕುಡಿಯುವ ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸಿ, ಲವಂಗ ಕುಟ್ಟಿ ಹಾಕಿ, ಜೀವಾಣು ಇಲ್ಲದಂತೆ ಪ್ರಾಸುಕ ಮಾಡಿ ತನ್ನ ಹಾಸಿಗೆಯ ಪಕ್ಕ ತಾಮ್ರದ ಚರಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಅಂಗಳದಲ್ಲಿ ನಡೆಯುವಾಗಲೂ ಇರುವೆ ಇದ್ದೀತೆಂದು ಕಣ್ಣು ನೆಲದ ಮೇಲೆ. ಅಂಥಾಕೆಗೆ ಪೆಟ್ಟಿಗೆ ಕಂಡ ಕೂಡಲೇ ಸಿಟ್ಟು ಬಂತು.

"ನೀರಾಗಿನ ಜೀವ ತಂದು ಮನ್ಯಾಗ ಸೆರಿ ಇಡೂದಂದ್ರ ಏನಪಾ? ಒಂದ ಸತ್ತರೂ ಪಾಪ ಈ ಮನೀಗೆ. ಸತ್ತ ದಿನ ಪೆಟಗಿ ಹೊರಗ. ಹೇಳೇನಿ ನೋಡ."

ಆಯಿಯ ಮನಸ್ಸು ಕರಗಿಸಿದ್ದು ಒಂದು ಬಸುರಿ ಮೀನು. ಗಪ್ಪಿ ತತ್ತಿ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಒಂದು ಮುಂಜಾನೆ ಮೀನಿನ ಹೊಟ್ಟೆಯಿಂದ ಸಾಸಿವೆಯಷ್ಟು ಮರಿಗಳು ಒಂದೊಂದಾಗಿ ಹೊರಬಿದ್ದು ಈಜುವುದನ್ನು ಆಯಿ ಗಾಜಿಗೆ ಮೂಗು ಹಚ್ಚಿ ನೋಡಿದಳು. ಎಷ್ಟೋ ಹೆರಿಗೆ ಕಂಡ ಹೆಂಗಸು, ಬಾಯಿ ಬಿಟ್ಟುಕೊಂಡು ನಿಂತುಬಿಟ್ಟಳು. ಮರುಗಳಿಗೆಯಲ್ಲೇ ತಾಯಿ ಮೀನು ತಿರುಗಿ ಒಂದು ಮರಿಯನ್ನು ಗುಳುಂ ಮಾಡಿತು.

"ಅಯ್ಯ ನಿನ್ನ! ಹಡದ ಕೂಸ ತಿಂತೈತಿ?"

"ಹಂಗ ಮಾಡತಾವಂತ್ರಿ ಅತ್ಯಾರ," ಅಂದಳು ಅವ್ವ. "ಬಸರಿ ಮೀನ ಬ್ಯಾರೆ ಬಾಟ್ಲ್ಯಾಗ ಇಡಬೇಕಂತ. ಹಡದ ಮ್ಯಾಲೆ ಮರಿ ತಗದು, ತಾಯೀನ್ನ ನಾಕ ದಿನ ಅಲ್ಲೇ ಬಿಟ್ಟರ ಸುಧಾರಿಸಿಕೋತೈತಿ."

ಹಾಗೆ ನಮ್ಮ ಮನೆಯಲ್ಲಿ ಮೀನುಗಳಿಗೂ ಬಾಣಂತನ ಶುರುವಾಯಿತು. ದೊಡ್ಡ ಬಾಯಿಯ ಗಾಜಿನ ಬಾಟಲಿ ಬಂತು. ಬಾಣಂತಿಯ ಹತ್ತಿರ ಗದ್ದಲ ಇರಬಾರದೆಂದು ಅದನ್ನು ತನ್ನ ಕೋಣೆಯಲ್ಲೇ, ಹಾಸಿಗೆಯ ಪಕ್ಕದ ಮಣೆಯ ಮೇಲೆ ಇಡಿಸಿದವಳು ಆಯಿಯೇ. ಓಣಿಯ ಹುಡುಗಿಯರನ್ನೆಲ್ಲ ಕರೆದು ನಾನು ಮರಿಗಳಿಗೆ ಹೆಸರಿಡುವ ಆಟ ಆಡಿದೆ. ಆಯಿ ನಮಗೆಲ್ಲ ಪುಠಾಣಿ ಸಕ್ಕರೆ ಹಂಚಿದಳು. ಪೆಟ್ಟಿಗೆ ಹೊರಗೆ ಹಾಕುವ ಮಾತು ಮರೆತೇ ಹೋಗಿತ್ತು.

ಆಮೇಲೆ ಸಾವು ಶುರುವಾಯಿತು. ಮರಿಗಳು ಆರಾಮ, ದೊಡ್ಡ ಪೆಟ್ಟಿಗೆಯ ಮೀನುಗಳೂ ಆರಾಮ. ಬಾಟಲಿಯಲ್ಲಿ ಬಿಟ್ಟ ಬಾಣಂತಿಯೇ ಮಗ್ಗುಲಾಗಿ ತೇಲುತ್ತಿತ್ತು. ಮೊದಲನೆಯದು ಸತ್ತಾಗ ಆಯಿ ಅತ್ತಳು, ಎರಡನೆಯದು ಸತ್ತಾಗ ಊಟ ಬಿಟ್ಟಳು. ಮೂರನೆಯ ಬಸುರಿ ರುಕ್ಕಿ, ಕಿತ್ತಳೆ ಬಾಲದ ನನ್ನ ಮುದ್ದಿನ ಮೀನು.

"ಸುನಂದಾ, ಇದೂ ಹ್ವಾದರ ಇಟ್ಟಕೊಳ್ಳಾಕ ಆಗೂದಿಲ್ಲ ನೋಡ," ಅಂದಳು ಆಯಿ ಅವ್ವನಿಗೆ. "ಚಾತುರ್ಮಾಸದಾಗ ಮನ್ಯಾಗ ಹಿಂಗ ಹಿಂಸಾ ಆಗಬಾರದು. ನದೀಗೆ ಬಿಟ್ಟ ಬರೂಣು."

ಅಪ್ಪ ಮೀನು ಕೊಟ್ಟ ಅಂಗಡಿಯವನನ್ನು ಕೇಳಿ ಬಂದ. ನಾವು ಮೀನಿಗೆ ಹುಳದ ಪುಡಿಯ ಬದಲು ಬೇಯಿಸಿದ ಹೆಸರುಬೇಳೆ ಹಾಕುತ್ತೇವೆಂದು ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಉಪವಾಸ ಮಾಡಿಸಿ ಕೊಲ್ಲುತ್ತಿದ್ದೀರಿ ಅಂದನಂತೆ. ಅಪ್ಪನಿಗೆ ಅದೇ ಖರೆ ಅನಿಸಿತು. ಅವ್ವ ಒಪ್ಪಲಿಲ್ಲ.

"ದೊಡ್ಡ ಪೆಟಗ್ಯಾಗಿನೂವೂ ಅದ ಬ್ಯಾಳಿ ತಿಂತಾವಲ್ಲರಿ. ಅವ್ಯಾಕ ಸಾಯವಲ್ವು?"

ಅವ್ವ ಮಗ್ಗದ ಮನೆಯ ಮಗಳು. ಬಟ್ಟೆ ಕೆಟ್ಟು ಬಂದರೆ ಎಲ್ಲ ಕಡೆ ಒಮ್ಮೆಲೇ ಕೈ ಆಡಿಸಬಾರದು, ಒಂದೊಂದೇ ಎಳೆ ಮುಟ್ಟುತ್ತ ಹೋಗಬೇಕು ಎಂದು ಅವಳಪ್ಪ ಕಲಿಸಿದ್ದನಂತೆ. ಮೀನಿನ ವಿಷಯದಲ್ಲೂ ಹಾಗೇ ಮಾಡಿದಳು. ನೀರು ಅದೇ ಪೆಟ್ಟಿಗೆಯದು, ಬೇಳೆ ಅದೇ, ಬಾಟಲಿಯೂ ಅದೇ. ಬದಲಿಸಿದ್ದು ಜಾಗ ಒಂದನ್ನೇ. ಬಾಟಲಿ ಆಯಿಯ ಕೋಣೆಯಿಂದ ಅಡಿಗೆಮನೆಯ ಕಿಟಕಿಗೆ ಬಂತು. ರುಕ್ಕಿ ಅಲ್ಲಿ ಹಡೆಯಿತು, ಮರುದಿನವೂ ಬದುಕಿತ್ತು, ಅದರ ಮರುದಿನವೂ. ನನಗೆ ಶಾಲೆಯಲ್ಲಿ ಕುಂಡಿ ನಿಲ್ಲುತ್ತಿರಲಿಲ್ಲ, ಗಂಟೆ ಬಾರಿಸಿದ್ದೇ ತಡ ಓಡಿ ಬರುತ್ತಿದ್ದೆ.

ಆದರೆ ಆಯಿಗೆ ಸಮಾಧಾನವಿಲ್ಲ. ಒಗ್ಗರಣೆಯ ಹೊಗೆಯಲ್ಲಿ ಯಾರಾದರೂ ಬಾಣಂತಿಯನ್ನು ಇಡುತ್ತಾರೆಯೇ ಎಂದು ಗೊಣಗಿ, ಬಾಟಲಿಯನ್ನು ತಾನೇ ಎತ್ತಿಕೊಂಡು ಕೋಣೆಗೆ ಹೋದಳು. ಅವ್ವ ತಡೆಯಲಿಲ್ಲ. ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ರುಕ್ಕಿ ಮಗ್ಗುಲಾಗಿತ್ತು. ಕಿವಿರು ಆಡುತ್ತಿತ್ತೋ ಇಲ್ಲವೋ ತಿಳಿಯದಷ್ಟು ಮೆಲ್ಲಗೆ ಆಡುತ್ತಿತ್ತು. ನಾನು ಬೊಬ್ಬೆ ಹೊಡೆದೆ. ಅವ್ವ ಓಡಿ ಬಂದು ಬಾಟಲಿ ಎತ್ತಿ ನೋಡಿದಳು, ಆಮೇಲೆ ಮೂಗಿನ ಹತ್ತಿರ ಹಿಡಿದಳು. ಬಾಟಲಿಯಿಂದ ಲವಂಗದ ವಾಸನೆ ನನಗೂ ಬಂತು.

ಬಾಣಂತಿಗೆ ಪೆಟ್ಟಿಗೆಯ ನಳದ ನೀರು ಯಾಕೆ, ತಾನು ಕುಡಿಯುವ ಶುದ್ಧ ನೀರೇ ಇರಲಿ ಎಂದು ಆಯಿ ತನ್ನ ಚರಿಗೆಯಿಂದ ದಿನಾ ಸುರಿಯುತ್ತಿದ್ದಳು. ಆ ನೀರಲ್ಲಿ ಕ್ರಿಮಿ ಹುಟ್ಟದಂತೆ ಮಾಡುವ ಲವಂಗವೇ ಅಷ್ಟು ಸಣ್ಣ ಬಾಟಲಿಯಲ್ಲಿ ಮೀನಿಗೆ ಜೊಂಪು ಹತ್ತಿಸಿ ಕೊಲ್ಲುತ್ತಿತ್ತು.

ಅವ್ವ ರುಕ್ಕಿಯನ್ನು ಬೊಗಸೆಯಲ್ಲಿ ಎತ್ತಿ ದೊಡ್ಡ ಪೆಟ್ಟಿಗೆಗೆ ಬಿಟ್ಟಳು. ಮೀನು ತಳಕ್ಕೆ ಹೋಗಿ ಬಿತ್ತು. ಒಲೆಯ ಮೇಲಿನ ಹಾಲು ಉಕ್ಕಿ ಸೀದ ವಾಸನೆ ಬಂದರೂ ನಾವಿಬ್ಬರೂ ಅಲ್ಲಿಂದ ಕದಲಲಿಲ್ಲ. ಕೊನೆಗೆ ಬಾಲ ಒಮ್ಮೆ ಅಲುಗಿತು. ಮತ್ತೊಮ್ಮೆ ಅಲುಗಿತು. ರುಕ್ಕಿ ಎದ್ದು ಈಜಿತು.

"ಅವ್ವಾ, ಆಯಿನ ಲವಂಗದ..." ಅನ್ನುವುದರಲ್ಲಿ ಅವ್ವನ ಒದ್ದೆ ಕೈ ನನ್ನ ಬಾಯಿ ಮೇಲಿತ್ತು.

"ಇರಿವಿ ಸುದ್ದಾ ತುಳೀದಂಗ ನಡದಾಕಿ ಆಕಿ," ಎಂದು ಪಿಸುಗುಟ್ಟಿದಳು. "ಈ ವಯಸ್ಸಿನ್ಯಾಗ ಆಕೀಗೆ ನೀ ಕೊಂದಿ ಅಂತ ಹೇಳಿ ನಾ ಏನ ಗಳಸಲಿ? ಬಾಯಿ ಬಿಟ್ಟಿ ಅಂದ್ರ ನೋಡ."

ಆಯಿಗೆ ಅವ್ವ ಹೇಳಿದ್ದು ಇಷ್ಟೇ: "ಬಾಟ್ಲಿ ಸಣ್ಣದಾಗಿತ್ತರಿ ಅತ್ಯಾರ. ಇನ್ನ ಎಲ್ಲಾವನ್ನೂ ದೊಡ್ಡ ಪೆಟಗ್ಯಾಗ ಬಿಡೂಣು, ನಡುವ ಜಾಳಗಿ ಕಟ್ಟೂಣು." ಆಯಿ ಅವ್ವನ ಮುಖವನ್ನೇ ನೋಡಿ "ಆತು" ಅಂದಳು. ಅದೇ ಅವ್ವನಿಗೆ ಪಲ್ಲೆಯಲ್ಲಿ ಉಪ್ಪು ಹೆಚ್ಚಾದರೆ ಆಯಿಯಿಂದ ಇಡೀ ಹೊತ್ತು ಮಾತು ಕೇಳಬೇಕಾಗುತ್ತಿತ್ತು. ಒಂದು ಮಾತು ತಿರುಗಿ ಆಡುವ ಹೊತ್ತು ತಾನಾಗಿಯೇ ಬಂದಿತ್ತು, ಅವ್ವ ಆಡಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಓಣಿಗೆಲ್ಲ ಡಂಗುರ ಸಾರುತ್ತಿದ್ದೆ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮೆಯ ದಿನ ಬಂತು. ಆ ದಿನ ನಮ್ಮಲ್ಲಿ ಹಿರಿಯರು ಕಿರಿಯರೆನ್ನದೆ ಒಬ್ಬರಿಗೊಬ್ಬರು ಕೈ ಮುಗಿದು ತಪ್ಪಾಗಿದ್ದರೆ ಕ್ಷಮಿಸು ಎನ್ನುತ್ತಾರೆ. ಬಸದಿಯಿಂದ ಬಂದ ಆಯಿ ಕಾಲು ತೊಳೆದು, ಅಪ್ಪನ ಕಡೆಗೂ ಹೋಗದೆ, ನನ್ನ ಕಡೆಗೂ ಬರದೆ, ಗಾಜಿನ ಪೆಟ್ಟಿಗೆಯ ಮುಂದೆ ಹೋಗಿ ನಿಂತಳು. ಕೈ ಮುಗಿದಳು.

"ತಿಳೀದ ಆತವ್ವಾ," ಅಂದಳು ಮೀನುಗಳಿಗೆ. "ಛಲೋ ಆಗಲಿ ಅಂತ ಹಾಕಿದೆ. ಕ್ಷಮಾ ಮಾಡ್ರಿ."

ಆಮೇಲೆ ತಿರುಗಿ ಅವ್ವನಿಗೆ ಕೈ ಮುಗಿದಳು. ಅವ್ವ ಗಾಬರಿಯಾಗಿ ಆ ಕೈಗಳನ್ನು ಹಿಡಿದುಕೊಂಡಳು.

"ಏನ ಮಾಡಾಕತ್ತೀರಿ ಅತ್ಯಾರ?"

"ನೀ ಬಾಟ್ಲಿ ಮೂಸಿ ನೋಡಿದ್ದು ಪಡಸಾಲ್ಯಾಗಿಂದ ಕಂಡಿತ್ತ ನನಗ. ಹೇಳ್ತಿ ಅಂತ ಕಾಯ್ದೆ. ನೀ ಹೇಳಲಿಲ್ಲ, ನನಗೂ ಬಾಯಿ ಬರಲಿಲ್ಲ. ಇಷ್ಟ ದಿನ ನನ್ನ ಪಾಪ ನೀ ಹೊತ್ತಿ. ಇನ್ನ ನನಗ ಕೊಡ."

ಅವ್ವ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಮಾತ್ರ ನನ್ನದೇ ಚಿಂತೆ. "ಆಯಿ, ಪೆಟಗಿ ಹೊರಗ ಹಾಕ್ತಿ ಏನ?" ಎಂದು ಕೇಳಿದೆ.

"ತಪ್ಪ ನಂದು," ಅಂದಳು ಆಯಿ. "ಅವ್ಯಾಕ ಮನಿ ಬಿಡಬೇಕು?"

ಇಂಥ ಅತ್ತೆ, ಇಂಥ ಸೊಸೆ ಒಂದೇ ಒಲೆಯ ಮುಂದೆ ಬದುಕಿದ್ದರು ಎಂದು ಈಗ ಹೇಳಿದರೆ ಕತೆ ಕಟ್ಟುತ್ತಿದ್ದೇನೆ ಅನ್ನುತ್ತಾರೆ. ಈಗಲೂ ಕ್ಷಮೆಯ ದಿನ ಬರುತ್ತದೆ. ಬೆಳಗಾಗುವುದರೊಳಗೆ ಫೋನಿನ ತುಂಬ ಮುಗಿದ ಕೈಗಳ ಚಿತ್ರ. ಯಾರು ಯಾವ ತಪ್ಪಿಗೆ ಕೇಳುತ್ತಿದ್ದಾರೆಂದು ಯಾರಿಗೂ ಗೊತ್ತಿರುವುದಿಲ್ಲ. ನನ್ನ ನೆಗೆಣ್ಣಿಯೂ ಕಳಿಸುತ್ತಾಳೆ, ನಾನೂ ಅವಳಿಗೆ ಕಳಿಸುತ್ತೇನೆ. ಒಂದೇ ಮೆಟ್ಟಿಲಿನ ಎದುರುಬದುರು ಬಾಗಿಲು ನಮ್ಮವು, ಮಾತು ಬಿಟ್ಟು ಎಷ್ಟೋ ವರ್ಷವಾಯಿತು. ಚಿತ್ರ ಕಳಿಸಿ ಇಬ್ಬರೂ ಒಳಗೇ ಕುಳಿತಿರುತ್ತೇವೆ.