ಗುಂಡಿಗೊಂದು ಕಸಬರಿಗೆ

ಟಪ್, ಟಪ್, ಟಪ್. ಹರಿಹರದ ನಮ್ಮ ಮನೆಯ ಕಟ್ಟೆಗೆ ಹೊಸ ಕಸಬರಿಗೆಯ ಬುಡ ಕುಟ್ಟುವ ಸದ್ದು ಅದು. ಕಡ್ಡಿಗಳೆಲ್ಲ ಒಂದೇ ಮಟ್ಟಕ್ಕೆ ಕೂರಲಿ ಎಂದು ಗಂಗವ್ವ ಕುಟ್ಟುತ್ತಿದ್ದಳು. ಅವಳು ಬಂದಳೆಂದು ನಮಗೆ ಗೊತ್ತಾಗಲು ಬೇರೆ ಕಾಲಿಂಗ್ ಬೆಲ್ ಬೇಕಿರಲಿಲ್ಲ. ಈಗ ದಾವಣಗೆರೆಯ ಈ ಫ್ಲಾಟಿನಲ್ಲಿ ಮೊಮ್ಮಗಳು ತಂದ ಪ್ಲಾಸ್ಟಿಕ್ ಕಸಬರಿಗೆ ಇದೆ. ಇವತ್ತು ಬೆಳಿಗ್ಗೆ ಅದನ್ನೂ ಕುಟ್ಟಿ ನೋಡಿದೆ, ನಗಬೇಡಿ. ಸದ್ದೇ ಬರಲಿಲ್ಲ.

ಗಂಗವ್ವ ಮಾಯಕೊಂಡದ ಕಡೆಯವಳು. ಅವರೂರಿನ ಗುಡ್ಡದ ಇಳಿಜಾರಿನಲ್ಲಿ ಹಂಚಿಕಡ್ಡಿ ಹುಲ್ಲು ಬೆಳೆಯುತ್ತಿತ್ತು. ಅದು ಒಣಗಿದಾಗ ಊರಿನ ಹೆಂಗಸರು ಕೊಯ್ದು, ಕಸಬರಿಗೆ ಕಟ್ಟಿ, ಪ್ಯಾಸೆಂಜರ್ ರೈಲಿನಲ್ಲಿ ಹರಿಹರದವರೆಗೂ ಬಂದು ಮಾರುತ್ತಿದ್ದರು. ಅವರ ಒಲೆ ಉರಿಯುತ್ತಿದ್ದದ್ದು ಅದರಿಂದಲೇ. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಟೇಬಲ್ ಮ್ಯಾನರ್ಸ್ ಕಲಿಸಿದ್ದರು. ಕಸಬರಿಗೆಯ ಮ್ಯಾನರ್ಸ್ ಕಲಿಸಿದವಳು ಗಂಗವ್ವ. ತುಳಿಯಬಾರದು, ನಿಲ್ಲಿಸಿ ಇಡಬಾರದು, ಕೈಯಿಂದ ಕೈಗಂತೂ ಕೊಡಲೇಬಾರದು, ಜಗಳವಾಗುತ್ತದೆ. ಅವಳು ನೆಲಕ್ಕಿಡಬೇಕು, ನಾನು ಎತ್ತಿಕೊಳ್ಳಬೇಕು. ನಾನು ಪ್ರತಿ ಸಲವೂ ಮರೆತು ಕೈ ಚಾಚುವುದು, ಅವಳು ಪ್ರತಿ ಸಲವೂ ಗದರುವುದು, ಹೀಗೇ ನಡೆದಿತ್ತು.

ಕೆಲವು ವರ್ಷಗಳ ಹಿಂದೆ ಅವಳು ನನ್ನನ್ನು ಹುಡುಕಿಕೊಂಡು ದಾವಣಗೆರೆಗೆ ಬಂದಳು, ಬರಿಗೈಯಲ್ಲಿ. ಆ ಬರಿಗೈ ನೋಡಿಯೇ ನನಗೆ ದಿಗಿಲಾಯಿತು.

“ಅಕ್ಕಾರೆ, ನಮ್ಮ ಗುಡ್ಡಕ್ಕೆ ಬೇಲಿ ಹಾಕ್ತಾರಂತೆ. ಗಿಡ ನೆಡ್ತಾರಂತೆ. ಅದೇನೋ ಕಾರ್ಬನ್ ಅಂತಾರಲ್ರಿ...”

ದೂರದ ಕಂಪನಿಗಳು ತಾವು ಬಿಟ್ಟ ಹೊಗೆಗೆ ಬದಲಾಗಿ ಇನ್ನೆಲ್ಲೋ ಮರ ಬೆಳೆಸುತ್ತವೆ, ಭೂಮಿಯ ಬಿಸಿ ಇಳಿಯಲಿ ಎಂದು. ಹೀಗೆ ನನಗೆ ತಿಳಿದಷ್ಟು ಹೇಳಿದೆ. ಐಡಿಯಾ ಒಳ್ಳೆಯದೇ ಎಂದೂ ಸೇರಿಸಿದೆ.

“ಒಳ್ಳೇದಾದ್ರೆ ಹೊಗೆ ಬಿಡೋರ ಕಾಂಪೌಂಡ್‌ನಾಗ ನೆಡ್ಲಿ ಬಿಡ್ರಿ. ಆಚೆ ಗುಡ್ಡಕ್ಕೆ ನೀಲಗಿರಿ ಹಾಕಿದ್ರಲ್ಲ, ಅದರ ಬುಡದಾಗ ಒಂದು ಕಡ್ಡಿ ಬಂತಾ? ನೀವು ಬರ್ರಿ. ಬಂದು ಇಂಗ್ಲೀಷ್‌ನಾಗ ಜಗಳ ಮಾಡ್ರಿ.”

ಇಂಗ್ಲೀಷಿನಲ್ಲಿ ಜಗಳ! ಆ ಭಾಷೆಯಲ್ಲಿ ನಾನು ಥ್ಯಾಂಕ್ಯೂ, ಸಾರಿ ಬಿಟ್ಟು ಗಟ್ಟಿಯಾಗಿ ಏನನ್ನೂ ಆಡಿದವಳಲ್ಲ. ಆದರೂ ರೈಲಿನಲ್ಲಿ “ವಿ ಸ್ಟ್ರಾಂಗ್ಲಿ ಅಬ್ಜೆಕ್ಟ್” ಎಂದು ಪ್ರಾಕ್ಟೀಸ್ ಮಾಡುತ್ತ ಹೋದೆ. ಎದುರು ಸೀಟಿನವರು ಎದ್ದು ಬೇರೆ ಕಡೆ ಕೂತರು.

ಗುಡ್ಡದಲ್ಲಿ ಗುಂಡಿ ತೋಡಿ ಆಗಿತ್ತು. ಆದರೆ ಪ್ರತಿ ಗುಂಡಿಯಲ್ಲೂ ಅರಿಶಿನ ಕುಂಕುಮ ಹಚ್ಚಿದ ಹೊಸ ಕಸಬರಿಗೆ ಮಲಗಿತ್ತು. ಹೆಂಗಸರು ಆ ವರ್ಷ ಕಟ್ಟಿದ ಸರಕೆಲ್ಲ ಅಲ್ಲೇ. ಸಸಿ ನೆಡಲು ಪಕ್ಕದ ಊರಿಂದ ಬಂದ ಕೂಲಿಯವರು, “ಲಕ್ಷ್ಮಿ ಮ್ಯಾಲೆ ಮಣ್ಣು ಎಳಿಯಾಕೆ ನಮ್ಮ ಕೈಲಿ ಆಗಲ್ರಿ” ಎಂದು ಸನಿಕೆ ಇಳಿಸಿ ನೆರಳಿಗೆ ಹೋದರು.

ಕೆಲಸದ ಉಸ್ತುವಾರಿಗೆ ಬಂದಿದ್ದ ಅಧಿಕಾರಿ ಹರಿಹರದವನೇ. ನನ್ನ ಇಂಗ್ಲೀಷಿಗೆ ಅವಕಾಶವನ್ನೇ ಕೊಡದೆ ಕನ್ನಡದಲ್ಲಿ ರೇಗಾಡಿ, ಕಸಬರಿಗೆಗಳನ್ನು ತಾನೇ ಎತ್ತತೊಡಗಿದ. ಅವಸರದಲ್ಲಿ ಅವನ ಬೂಟು ಒಂದಕ್ಕೆ ತಾಗಿತು. ಥಟ್ಟನೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡ. ಎಲ್ಲರೂ ನೋಡಿದರು. ಕಂಕುಳ ತುಂಬ ಕಸಬರಿಗೆ ಹಿಡಿದು ನಿಂತವನು, “ತಗೋಳವ್ವಾ” ಎಂದು ಗಂಗವ್ವನ ಕಡೆ ಚಾಚಿದ.

“ಕೈಗೆ ಕೊಡಬ್ಯಾಡ್ರಿ ಸಾಹೇಬ್ರೆ, ಜಗಳ ಆಗ್ತೈತೆ.”

“ಈಗೇನು ನಡದೈತೆ ಮತ್ತೆ? ಮದುವೆನಾ?”

ಗುಡ್ಡವೇ ನಕ್ಕಿತು. ಅವನೂ ನಕ್ಕು, ಅಲ್ಲೇ ನೆಲದ ಮೇಲೆ ಕೂತು, “ಹುಲ್ಲು ಎಲ್ಲಿ ತನಕ ಐತೆ, ತೋರಿಸ್ರಿ” ಎಂದ. ಆಮೇಲೆ ಮಾತುಕತೆ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಬೇಲಿ ಬಂದದ್ದು ಹಳೆಯ ನೀಲಗಿರಿಯ ಜಾಗಕ್ಕೆ ಮಾತ್ರ. ಇಳಿಜಾರು ಹೆಂಗಸರಿಗೇ ಉಳಿಯಿತು. ನನ್ನ ಸ್ಟ್ರಾಂಗ್ ಅಬ್ಜೆಕ್ಷನ್ ಮಾತ್ರ ಇಂದಿಗೂ ಹಾಗೇ ಬಾಯಲ್ಲಿದೆ.

ಮೊನ್ನೆ ನನ್ನ ಬರ್ತ್‌ಡೇಗೆ ಮೊಮ್ಮಗಳು, “ಅಜ್ಜಿ, ನಿನ್ನ ಹೆಸರಲ್ಲಿ ಒಂದು ಮರ ನೆಡಿಸಿದೀನಿ” ಎಂದು ಫೋನಿನಲ್ಲಿ ಫೋಟೊ ತೋರಿಸಿದಳು. “ಯಾರ ಜಾಗದಲ್ಲಿ?” ಎಂದೆ. “ಖಾಲಿ ಜಾಗ ಅಜ್ಜಿ. ಜಸ್ಟ್ ಸೇ ಥ್ಯಾಂಕ್ಯೂ.” ನಾನು ಹೇಳಲಿಲ್ಲ. ಮೊದಲು ಆ ಜಾಗದ ಹುಲ್ಲು ಯಾರು ಕೊಯ್ಯುತ್ತಿದ್ದರು ಎಂದು ಕೇಳಿ ಬಾ ಎಂದೆ.

ಗಂಗವ್ವನನ್ನು ಕೊನೆಯ ಸಲ ನೋಡಿದ್ದು ಮಾಯಕೊಂಡ ಸ್ಟೇಷನ್ನಿನಲ್ಲಿ, ಇಳಿಜಾರು ಉಳಿದ ಮರುವರ್ಷ. ನನ್ನನ್ನು ರೈಲು ಹತ್ತಿಸಲು ಬಂದವಳ ಕೈಯಲ್ಲಿ ಆ ವರ್ಷದ ಹುಲ್ಲಿನ ಕಸಬರಿಗೆ. ರೈಲು ಅಲುಗಿತು. ಬಾಗಿಲಲ್ಲಿ ನಿಂತಿದ್ದ ನಾನು ಎಂದಿನಂತೆ ಕೈ ಚಾಚಿದೆ. “ಥೂ, ಇವತ್ತೂ ಮರೆತ್ರಾ ಅಕ್ಕಾರೆ! ನಮ್ಮಿಬ್ಬರಿಗೆ ಜಗಳ ಬ್ಯಾಡ” ಎಂದು ಗದರಿ, ರೈಲಿನ ಜೊತೆಗೇ ಓಡಿಬಂದು, ಅದನ್ನು ಬಾಗಿಲ ನೆಲದ ಮೇಲಿಟ್ಟಳು. ನಾನು ಬಗ್ಗಿ ಎತ್ತಿಕೊಂಡು ತಲೆಯೆತ್ತುವಷ್ಟರಲ್ಲಿ ಪ್ಲಾಟ್‌ಫಾರ್ಮ್ ಮುಗಿದಿತ್ತು.